ಟೈಲರ್ ಗುಡ್ಡ ಹತ್ತುತ್ತಿದ್ದ ಕಾಲ

ಎದೆನೋವೆಂದು ಆಸ್ಪತ್ರೆ ಸೇರಿ ಮನೆಗೆ ಮರಳಿದ ಟೈಲರನ್ನು ಗುಡ್ಡದ ಪಾರ್ಕಿಗೆ ಅಟ್ಟಿದವನು ಅವರ ಮಗನೇ. ಡಾಕ್ಟರು ದಿನಾ ನಡೆಯಬೇಕು ಎಂದಷ್ಟೇ ಹೇಳಿದ್ದರು. ಎಲ್ಲಿ, ಎಷ್ಟು ಹೊತ್ತು, ಯಾವ ಬೂಟು ಹಾಕಿಕೊಂಡು ಎಂಬುದನ್ನೆಲ್ಲ ಮಗ ತೀರ್ಮಾನಿಸಿದ. ಜೀವಮಾನವಿಡೀ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಟೈಲರ್‌ಗೆ ನಡಿಗೆಯೆಂದರೆ ಆಗದು. ಗಿರಾಕಿಯ ಅಳತೆ ತೆಗೆಯಲು ಎದ್ದು ನಿಲ್ಲುವುದೇ ತನ್ನ ವ್ಯಾಯಾಮ ಎಂದು ವಾದಿಸಿ ನೋಡಿದರು. ಮಗ ಜಗ್ಗಲಿಲ್ಲ.

ಗುಡ್ಡ ಊರಿನ ನಡುವೆಯೇ ಇತ್ತು. ನಾಲ್ಕೂ ಕಡೆಯಿಂದ ಮನೆಗಳು ಅದರ ಬುಡದವರೆಗೆ ಒತ್ತರಿಸಿಕೊಂಡು ಬಂದಿದ್ದವು. ಸುತ್ತಿ ಸುತ್ತಿ ಮೇಲೇರುವ ಡಾಂಬರು ದಾರಿ, ಬದಿಗೆ ಸಿಮೆಂಟಿನ ಬೆಂಚುಗಳು, ಅರ್ಧ ದಾರಿಯಲ್ಲಿ ನೇತಾಡಲು ಕಬ್ಬಿಣದ ಕಂಬಿಗಳು, ನೆತ್ತಿಯಲ್ಲಿ ನೀರಿನ ಟ್ಯಾಂಕು. ಟ್ಯಾಂಕಿನ ಮುಂದಿನ ಕಟಕಟೆಗೆ ಆತು ನಿಂತರೆ ರೈಲ್ವೆ ಯಾರ್ಡಿನಿಂದ ಹಿಡಿದು ಹಳೇ ಮಾರ್ಕೆಟ್ಟಿನ ತಗಡಿನ ಮಾಡುಗಳವರೆಗೆ ಇಡೀ ಊರು ಕಾಣುತ್ತಿತ್ತು.

ಮೊದಮೊದಲು ಟೈಲರ್ ಕೆಳಗಿನ ಬೆಂಚು ಬಿಟ್ಟು ಮುಂದೆ ಹೋಗಲಿಲ್ಲ. ಅಲ್ಲೇ ಕೂತು ಪೇಪರ್ ಓದಿ, ಗೇಟಿನ ಬಳಿಯ ನಲ್ಲಿಯಲ್ಲಿ ಮುಖಕ್ಕೆ ನೀರು ಚಿಮುಕಿಸಿಕೊಂಡು, ಬೆವರು ಒರೆಸಿಕೊಳ್ಳುತ್ತಾ ಮನೆಗೆ ಬರುತ್ತಿದ್ದರು. ಸೊಸೆ ಒಂದು ದಿನ ಅವರನ್ನು ಮೇಲಿಂದ ಕೆಳಗೆ ನೋಡಿ, “ಮಾವ, ನಿಮಗೆ ಬೆವರು ಮುಖದಲ್ಲಿ ಮಾತ್ರ ಬರುತ್ತಾ? ಬೆನ್ನು ಒಣಗಿಕೊಂಡೇ ಇದೆಯಲ್ಲ,” ಎಂದಳು. ಟೈಲರ್ ನಕ್ಕುಬಿಟ್ಟರು. ಮಗ ನಗಲಿಲ್ಲ.

ಅವರನ್ನು ಬೆಂಚಿನಿಂದ ಎಬ್ಬಿಸಿದ್ದು ಒಬ್ಬ ನರ್ಸು. ದೊಡ್ಡಾಸ್ಪತ್ರೆಯಲ್ಲಿದ್ದು ನಿವೃತ್ತಿಯಾದವರು, ಒಂಟಿ, ದಪ್ಪ ಮೈ. ಸಕ್ಕರೆ ಕಾಯಿಲೆಗೆಂದು ತಾವೇ ಗುಡ್ಡ ಹತ್ತುತ್ತಿದ್ದವರು. ಒಂದು ಬೆಳಿಗ್ಗೆ ಬೆಂಚಿನ ಮುಂದೆ ನಿಂತು, ಕೇಳದೆಯೇ ಟೈಲರ ಮಣಿಕಟ್ಟು ಹಿಡಿದು ನಾಡಿ ನೋಡಿದರು.

“ಎದ್ದೇಳಿ. ಕೂತ್ರೆ ಇದು ಸರಿಹೋಗಲ್ಲ.”

“ಪೇಪರ್ ಓದ್ತಿದ್ದೆ ಸಿಸ್ಟರ್.”

“ಅದು ನಿನ್ನೆ ಪೇಪರ್.”

ಹಾಗೆ ಶುರುವಾಯಿತು. ಮೊದಲು ಕಂಬಿಗಳವರೆಗೆ, ಆಮೇಲೆ ಎರಡನೇ ತಿರುವಿನವರೆಗೆ, ಬೇಸಿಗೆ ಮುಗಿಯುವಷ್ಟರಲ್ಲಿ ನೆತ್ತಿಯವರೆಗೆ. ಟೈಲರ ಪ್ಯಾಂಟು ಸಡಿಲವಾಯಿತು. ತಾವೇ ಬಿಚ್ಚಿ ಹಿಡಿದು ಹೊಲಿದರು. ಟ್ಯಾಂಕಿನ ಬಳಿ ಸೇರುವ ಐದಾರು ಜನರ ಗುಂಪಿನಲ್ಲಿ ಅವರಿಲ್ಲದಿದ್ದರೆ ಕಳೆಯೇ ಇಲ್ಲವೆಂಬಂತಾಯಿತು. ಕೊರಳಿಗೆ ಟೇಪು ಹಾಕಿಕೊಂಡು ಬಂದು, ತೂಕ ಇಳಿಸಲು ಹೆಣಗುವವರ ಸೊಂಟ ಅಳೆದು ತೀರ್ಪು ಕೊಡುತ್ತಿದ್ದರು. “ಮೇಷ್ಟ್ರೇ, ಉಸಿರು ಬಿಡಿ, ಒಳಗೆ ಎಳ್ಕೊಂಡು ಮೋಸ ಮಾಡ್ಬೇಡಿ,” ಎಂದು ನಿವೃತ್ತ ಗಣಿತದ ಮೇಷ್ಟರನ್ನು ಗದರುತ್ತಿದ್ದರು.

ಮಗ ಕ್ರೇನ್ ಆಪರೇಟರ್. ಹಳೇ ಮಾರ್ಕೆಟ್ಟಿನ ಹಿಂದೆ ಏಳುತ್ತಿದ್ದ ಕಟ್ಟಡದ ಟವರ್ ಕ್ರೇನಿನಲ್ಲಿ ಅವನಿಗೆ ಕೆಲಸ. ಬೆಳಗಾದರೆ ಕಬ್ಬಿಣದ ಏಣಿ ಹತ್ತಿ ಗಾಜಿನ ಕ್ಯಾಬಿನ್ ಸೇರಿದನೆಂದರೆ ಊಟಕ್ಕೆ ಇಳಿಯುವವರೆಗೆ ಅವನಿಗೆ ಜೊತೆ ಎಂದರೆ ವಾಕಿಟಾಕಿಯಲ್ಲಿ ಕೂಗುವ ಸಿಗ್ನಲ್‌ನವನು ಮತ್ತು ಎದುರಿಗೆ ಕಾಣುವ ಗುಡ್ಡ. ಗುಡ್ಡದ ನೆತ್ತಿಯ ಜನ ಅವನಿಗೆ ಚುಕ್ಕೆಗಳಂತೆ ಕಾಣುತ್ತಿದ್ದರು. ಆದರೆ ಗುಡ್ಡದಿಂದ ನೋಡುವವರಿಗೆ ಕ್ರೇನ್ ಚೆನ್ನಾಗಿ ಕಾಣುತ್ತಿತ್ತು.

“ಅಗೋ, ಅದರ ಹೊಟ್ಟೇಲಿ ನನ್ನ ಮಗ ಕೂತಿದ್ದಾನೆ ಅಂತ ಎಲ್ಲರಿಗೂ ತೋರಿಸ್ದೆ,” ಎಂದರು ಟೈಲರ್ ಒಂದು ದಿನ ಊಟದ ಹೊತ್ತಿಗೆ. “ಯಾರೂ ನಂಬಲಿಲ್ಲ. ನಾಳೆ ಆ ಉದ್ದನೆ ತೋಳನ್ನ ನಮ್ಮ ಕಡೆ ತಿರುಗಿಸು ನೋಡೋಣ.”

ಮಗ ಮರುದಿನ ಸರಕು ಎತ್ತುವ ಮುಂಚೆ ಕ್ರೇನಿನ ತೋಳನ್ನು ಗುಡ್ಡದತ್ತ ತಿರುಗಿಸಿ ಸ್ವಲ್ಪ ಹೊತ್ತು ನಿಲ್ಲಿಸಿದ. ಸಂಜೆ ಮನೆಗೆ ಬಂದಾಗ ಅಪ್ಪನ ಮುಖ ನೋಡಬೇಕಿತ್ತು. ಅಂದಿನಿಂದ ಅದು ರೂಢಿಯಾಯಿತು. ತಂದೆ ಮಕ್ಕಳು ಮೊದಲಿನಿಂದಲೂ ಹೆಚ್ಚು ಮಾತಾಡಿದವರಲ್ಲ. ಅಮ್ಮ ಇರುವವರೆಗೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸ ಅವಳದಾಗಿತ್ತು. ಅವಳು ತೀರಿಕೊಂಡ ಮೇಲೆ ಇಬ್ಬರ ನಡುವೆ ಉಳಿದದ್ದು ಮಾತ್ರೆಯ ಲೆಕ್ಕ, ಕರೆಂಟು, ನೀರು. ಈಗ ಮುಂಜಾನೆಯ ಈ ಒಂದು ನಮಸ್ಕಾರವಾದರೂ ಇತ್ತು.

ಆ ವರ್ಷ ಗಾಳಿ ಬೇಗ ಶುರುವಾಯಿತು. ಗಾಳಿ ಜೋರಾದರೆ ಕ್ರೇನ್ ಓಡಿಸುವಂತಿಲ್ಲ. ಒಂದು ಬೆಳಿಗ್ಗೆ ಸೈಟಿನ ಎಂಜಿನಿಯರ್ ಅವನನ್ನು ವಾಪಸ್ ಕಳಿಸಿದ. ಮನೆಗೆ ಹೋಗಿ ಮಾಡುವುದೇನು, ಅಪ್ಪನ ಜೊತೆ ಕೂಡಿಕೊಂಡರಾಯಿತು ಎಂದು ಅವನು ನೇರ ಗುಡ್ಡ ಹತ್ತಿದ. ಗಾಳಿಗೆ ಹೆದರಿ ಹೆಚ್ಚು ಜನ ಬಂದಿರಲಿಲ್ಲ. ಟ್ಯಾಂಕಿನ ಮರೆಯಲ್ಲಿ ಟೈಲರ್ ಮತ್ತು ನರ್ಸು ಇಬ್ಬರೇ ನಿಂತಿದ್ದರು. ಆಕೆಯ ಸ್ವೆಟರಿನ ಮೇಲಿನ ಗುಂಡಿ ಕಿತ್ತುಬಂದಿತ್ತೆಂದು ಕಾಣುತ್ತದೆ. ಟೈಲರ್ ಸೂಜಿದಾರ ಹಿಡಿದು ಅದನ್ನು ಹೊಲಿಯುತ್ತಿದ್ದರು. ಆಕೆ ಗದ್ದ ಮೇಲೆತ್ತಿಕೊಂಡು, ಚುಚ್ಚಿಬಿಟ್ಟೀರಿ ಎಂದೇನೋ ಹೇಳುತ್ತಾ ನಗುತ್ತಿದ್ದರು. ದಾರ ಕಡಿಯಲು ಟೈಲರ್ ಬಾಗಿದಾಗ ಅವರ ತಲೆ ಆಕೆಯ ಭುಜಕ್ಕೆ ತಾಗಿತು. ಇಬ್ಬರೂ ಅದಕ್ಕೆ ಗಡಿಬಿಡಿ ಪಡಲಿಲ್ಲ.

ಮಗನ ಕಾಲು ಅಲ್ಲೇ ನಿಂತಿತು. ಅಂಗಡಿಯಲ್ಲಿ ಕಾಜಾ, ಗುಂಡಿ ಎಲ್ಲ ಅಮ್ಮನ ಪಾಲಿನ ಕೆಲಸ. ಕಣ್ಣು ಮಂಜಾದ ಮೇಲೂ ಅವಳು ಕಿಟಕಿಯ ಬೆಳಕಿಗೆ ಕೂತು ಗುಂಡಿ ಹಾಕುತ್ತಿದ್ದಳು. ಗುಂಡಿ ಹೊಲಿಯುವುದು ತನ್ನ ದರ್ಜೆಗೆ ಕಡಿಮೆ ಎಂಬಂತೆ ಅಪ್ಪ ಅದನ್ನು ಮುಟ್ಟಿದ್ದನ್ನೇ ಅವನು ಕಂಡಿರಲಿಲ್ಲ. ಬಂದ ದಾರಿಯಲ್ಲೇ ಸದ್ದಿಲ್ಲದೆ ಇಳಿದುಹೋದ.

ಅವನು ಮನೆಯಲ್ಲಿ ಏನೂ ಹೇಳಲಿಲ್ಲ. ಕ್ರೇನನ್ನು ಮಾತ್ರ ಗುಡ್ಡದತ್ತ ತಿರುಗಿಸುವುದು ಬಿಟ್ಟ. ಟೈಲರ್ ಕೇಳಿದರೆ, “ಎಂಜಿನಿಯರ್ ಬೈತಾನೆ,” ಎಂದ.

ಕೆಲವು ದಿನ ಕಳೆದ ಮೇಲೆ, ಬೆಳಗಿನ ಚಹಾ ಕುಡಿಯುವಾಗ, ಟೈಲರ್ ತಾವಾಗಿ ಮಾತು ತೆಗೆದರು. ಲೋಟವನ್ನು ಮೇಜಿನ ಮೇಲೆ ಆ ಕಡೆ ಈ ಕಡೆ ಸರಿಸುತ್ತಾ, “ಸಿಸ್ಟರ್ ಒಬ್ರು ಇದ್ದಾರಲ್ಲ, ಗುಡ್ಡದಲ್ಲಿ. ಅವರನ್ನ ಒಂದಿನ ಮನೆಗೆ ಕರೀಬೇಕು ಅಂತ,” ಎಂದರು.

“ಕರೀರಿ ಮಾವ. ಅದಕ್ಕೇನು ಕೇಳೋದು,” ಎಂದಳು ಸೊಸೆ.

“ಬರೀ ಚಹಾಕ್ಕಲ್ಲಮ್ಮ.” ಟೈಲರ್ ಲೋಟ ಸರಿಸುವುದನ್ನು ನಿಲ್ಲಿಸಿದರು. “ಇರೋಷ್ಟು ದಿನ ಒಟ್ಟಿಗೆ ಇದ್ರೆ ಹೇಗೆ ಅಂತ ಇಬ್ರೂ ಯೋಚನೆ ಮಾಡಿದ್ವಿ. ಅವರ ಮನೆ ಇದೆ. ನಿಮಗೇನೂ ತೊಂದರೆ ಕೊಡಲ್ಲ. ಗುಂಪಿನವರು ಆಗಲೇ ತಮಾಷೆ ಮಾಡ್ತಾರೆ, ಟೈಲರ್ರೆ, ಇನ್ಮೇಲಾದ್ರೂ ಸಿಸ್ಟರ್ ಅನ್ನೋದು ಬಿಡಿ ಅಂತ.”

ಸೊಸೆಗೆ ನಗು ಬಂತು. ಅವಳು ನಗುವಷ್ಟರಲ್ಲಿ ಮಗ ಎದ್ದು ನಿಂತಿದ್ದ.

“ನಾನು ನಿಮ್ಮನ್ನ ಗುಡ್ಡಕ್ಕೆ ಕಳಿಸಿದ್ದು ಇದಕ್ಕಲ್ಲ.”

“ನೀನು ಕಳಿಸಿದ್ದು ಬದುಕಲಿ ಅಂತ ಅಲ್ವಾ.”

“ಅಮ್ಮನ ಬಟ್ಟೆ ಇನ್ನೂ ಬೀರುವಲ್ಲಿದೆ ಅಪ್ಪ. ಈ ವಯಸ್ಸಲ್ಲಿ ಊರವರ ಮುಂದೆ ನಗೆಪಾಟಲಾಗೋಕೆ ನಿಮಗೆ ಹೇಗೆ ಮನಸ್ಸು ಬರುತ್ತೆ?”

ಟೈಲರ್ ಲೋಟ ಬದಿಗಿಟ್ಟು ಎದ್ದರು. ಬೂಟಿನ ದಾರ ಕಟ್ಟಿಕೊಂಡು ಎಂದಿನಂತೆ ಹೊರಟರು. ಮರುದಿನವೂ ಹೊರಟರು. ಮಗನ ಮಾತಿಗೆ ಅವರು ಸೊಪ್ಪು ಹಾಕುವ ಹಾಗೆ ಕಾಣಲಿಲ್ಲ.

ಅದೇ ವಾರ ಸೊಸೆ ಮಾವನನ್ನು ಚೆಕಪ್‌ಗೆ ಕರೆದುಕೊಂಡು ಹೋದ ದಿನ, ಮಗ ರಜೆ ಹಾಕಿ ಗುಡ್ಡ ಹತ್ತಿದ. ನರ್ಸು ಕಟಕಟೆಯ ಬಳಿ ಒಬ್ಬರೇ ಇದ್ದರು. ಅವನು ತನ್ನ ಪರಿಚಯ ಹೇಳಿಕೊಂಡ. ಆಕೆಯ ಮುಖ ಅರಳಿತು.

“ಕ್ರೇನ್‌ನವರಾ. ನಿಮ್ಮನ್ನ ದೂರದಿಂದ ದಿನಾ ನೋಡಿದ್ದೀನಿ.”

ಅವನು ದನಿ ಏರಿಸಲಿಲ್ಲ. ಒಂದೂ ಕೆಟ್ಟ ಮಾತಾಡಲಿಲ್ಲ. ಜಗಳ ಕಾಯಲು ಬಂದವನು ಆಕೆಯ ಮುಖ ನೋಡಿ ಮೆತ್ತಗಾಗಿ, ಜಗಳಕ್ಕಿಂತ ಕೆಟ್ಟದ್ದನ್ನು ಮಾಡಿದ. ಅಪ್ಪ ಏನೋ ಉತ್ಸಾಹದಲ್ಲಿ ಮಾತು ಕೊಟ್ಟುಬಿಟ್ಟಿದ್ದಾರೆ, ಈಗ ಮನಸ್ಸು ಹಿಂದೆಗೆದಿದೆ, ನಿಮ್ಮ ಮುಖ ನೋಡಿ ಹೇಳಲು ಸಂಕೋಚ, ಅದಕ್ಕೇ ಇವತ್ತು ಬಂದಿಲ್ಲ ಎಂದ. ಹೇಳುತ್ತಾ ಹೇಳುತ್ತಾ ಅದು ಅರ್ಧ ನಿಜವೆಂದೇ ಅವನಿಗೂ ಅನ್ನಿಸತೊಡಗಿತು.

ನರ್ಸು ಕಟಕಟೆಯ ಕಂಬಿಯನ್ನು ಹಿಡಿದುಕೊಂಡು ಕೇಳಿದರು. “ಅವರೇ ಹೇಳಬಹುದಿತ್ತು. ನಾನೇನು ಚಿಕ್ಕ ಹುಡುಗಿಯಲ್ಲ,” ಎಂದರು.

“ನೀವು ಅವರನ್ನ ಏನೂ ಕೇಳದೆ ಇದ್ರೆ ಅವರಿಗೆ ಸುಲಭ ಆಗುತ್ತೆ.”

“ಕೇಳಲ್ಲ ಬಿಡಿ.” ಆಕೆ ಕೈಚೀಲ ಹೆಗಲಿಗೇರಿಸಿ ಎರಡು ಹೆಜ್ಜೆ ಹೋಗಿ ತಿರುಗಿದರು. “ಒಂದು ಗೊತ್ತಿರಲಿ. ಅವರಿಗೆ ಉಸಿರು ಸಾಲದೆ ಹೋದ್ರೆ ಬಾಯಿಬಿಟ್ಟು ಹೇಳಲ್ಲ. ನಿಂತು ಊರು ನೋಡೋ ಹಾಗೆ ಮಾಡ್ತಾರೆ. ಜೊತೆಗಿದ್ದವರು ಅರ್ಥ ಮಾಡ್ಕೊಂಡು ತಾವೂ ನಿಲ್ಲಬೇಕು.”

ಆಕೆ ಮತ್ತೆ ಗುಡ್ಡಕ್ಕೆ ಬರಲಿಲ್ಲ. ಪಕ್ಕದೂರಿನಲ್ಲಿ ಆಕೆಯ ಅಕ್ಕ ಒಬ್ಬಳೇ ಇದ್ದಳು. ಅಲ್ಲಿಗೆ ಹೊರಟುಹೋದರೆಂದು ಗುಂಪಿನವರಿಗೆ ಆಮೇಲೆ ತಿಳಿಯಿತು. ಟೈಲರ್ ಫೋನ್ ಮಾಡಿದಾಗ, “ಬೇಡ ಬಿಡಿ ಟೈಲರ್ರೆ, ಆರೋಗ್ಯ ನೋಡ್ಕೊಳ್ಳಿ,” ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಮತ್ತೆ ಫೋನ್ ಮಾಡುವಷ್ಟು ಮಾನಗೇಡಿ ತಾನಲ್ಲ ಎಂದುಕೊಂಡರೇನೋ, ಟೈಲರ್ ಮಾಡಲಿಲ್ಲ.

ಮಗ ಗೆದ್ದಿದ್ದ. ಮನೆಯಲ್ಲಿ ಆ ವಿಷಯ ಮತ್ತೆ ಬರಲಿಲ್ಲ. ಅವನು ಕ್ರೇನಿನ ತೋಳನ್ನು ಗುಡ್ಡದತ್ತ ತಿರುಗಿಸಲು ಪುನಃ ಆರಂಭಿಸಿದ. ಟೈಲರ್ ಸಂಜೆ ಅದರ ಮಾತೆತ್ತುತ್ತಿರಲಿಲ್ಲ. ಕೊರಳ ಟೇಪು ಗೋಡೆಯ ಮೊಳೆಗೆ ಹೋಯಿತು. ಒಂದು ಭಾನುವಾರ ಅಂಗಡಿ ಬೀದಿಯಲ್ಲಿ ಸಿಕ್ಕ ಗಣಿತದ ಮೇಷ್ಟ್ರು ಮಗನನ್ನು ಪಕ್ಕಕ್ಕೆ ಕರೆದು, “ನಿಮ್ಮ ತಂದೆ ಏನೂ ಮಾತಾಡಲ್ಲ ಈಗ. ನಮ್ಮ ಸೊಂಟ ಕೇಳೋರಿಲ್ಲ,” ಎಂದರು. ನಗಿಸಲು ಹೇಳಿದ ಮಾತು. ಇಬ್ಬರಿಗೂ ನಗು ಬರಲಿಲ್ಲ.

ಹೀಗೆ ವರ್ಷ ಉರುಳಿತು. ಒಂದು ಸಂಜೆ ಮಗ ಅಪ್ಪನಿಗೆ ಮಾತ್ರೆ ಕೊಡಲು ಹೋದಾಗ ಟೈಲರ್ ಮಂಚದ ತುದಿಯಲ್ಲಿ ಕೂತಿದ್ದರು.

“ನಿಮ್ಮಮ್ಮ ಹೇಳ್ತಿದ್ಲು,” ಎಂದರು ಇದ್ದಕ್ಕಿದ್ದಂತೆ. “ಲೋಕದವರಿಗೆಲ್ಲ ಗುಂಡಿ ಹಾಕಿಸ್ತೀರಿ, ನಿಮ್ಮ ಬಾಯಿಗೊಂದು ಹಾಕ್ಕೊಳ್ಳಿ ಅಂತ. ಸರಿಯಾಗೇ ಹೇಳ್ತಿದ್ಲು.”

“ಯಾಕಪ್ಪ?”

“ಆ ಸಿಸ್ಟರ್‌ಗೆ ಎಲ್ಲರ ಮುಂದೆ ಒಂದು ಮಾತು ಅಂದುಬಿಟ್ಟೆ. ನಿಮ್ಮ ಅಳತೆಗೆ ಒಂದು ಟೇಪು ಸಾಲಲ್ಲ, ಎರಡು ಸೇರಿಸಿ ಹೊಲೀಬೇಕು ಅಂತ. ಎಲ್ಲರೂ ನಕ್ಕರು, ಅವರೂ ನಕ್ಕರು. ಅದಾಗಿ ಎರಡು ದಿನಕ್ಕೆ ಬರೋದು ಬಿಟ್ರು. ಹೆಂಗಸು, ಒಂಟಿ ಜೀವ, ಮನಸ್ಸಿಗೆ ಎಷ್ಟು ಚುಚ್ಚಿತೋ. ನಾನು ಬರೀ ತಮಾಷೆಗೆ ಅಂದೆ.”

ಮಗನ ಕೈಯಲ್ಲಿ ನೀರಿನ ಲೋಟ ಹಾಗೇ ಇತ್ತು. ಅಪ್ಪ ಒಂದಿಡೀ ವರ್ಷ ದಿನಾ ಗುಡ್ಡ ಹತ್ತಿ, ಕಟಕಟೆಗೆ ಆತುಕೊಂಡು, ಆಡಿದ ಒಂದು ತಮಾಷೆಯನ್ನು ಮಗುಚಿ ಮಗುಚಿ ಹಾಕುತ್ತಿದ್ದರು ಎಂಬುದು ಅವನಿಗೆ ಆಗ ತಿಳಿಯಿತು. ಹೇಳಿಬಿಡಬೇಕು ಎಂದು ಬಾಯಿಯವರೆಗೆ ಬಂತು. “ಮಾತ್ರೆ ತಗೊಳ್ಳಿ,” ಎಂದ.

ಹೆಂಡತಿಗೆ ಹೇಳಿದ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

“ನಾನು ಅವತ್ತು ಮಾವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾಗ ನೀವು ಮಾಡಿದ್ದು ಇದಾ,” ಎಂದಳು. “ಹೋಗಿ. ಮೊದಲು ಆ ಸಿಸ್ಟರ್ ಹತ್ರ ಹೋಗಿ, ಆಮೇಲೆ ಮಾವನ ಹತ್ರ.”

ಹೋಗಬೇಕೆಂದು ತೀರ್ಮಾನಿಸಿದ ಮೇಲೂ ಅವನು ಹೋಗಲು ತಡಮಾಡಿದ. ಕಟ್ಟಡದ ಕೊನೆಯ ಮಹಡಿ ಎಂದ, ನೆಗಡಿ ಎಂದ. ಅಷ್ಟರಲ್ಲಿ ಟೈಲರ್‌ಗೆ ಎರಡನೇ ಸಲ ಎದೆನೋವು ಬಂತು. ದೊಡ್ಡದಲ್ಲ ಎಂದರು ಡಾಕ್ಟರು. ಆದರೆ ಇನ್ನು ಗುಡ್ಡ ಬೇಡ, ಸಮತಟ್ಟಾದ ಕಡೆ ನಿಧಾನಕ್ಕೆ ನಡೆದರೆ ಸಾಕು ಎಂದರು. ಟೈಲರ್ ಆಸ್ಪತ್ರೆಯಿಂದ ಬಂದ ವಾರವೇ ಮಗ ಗುಂಪಿನವರಲ್ಲಿ ವಿಳಾಸ ಕೇಳಿಕೊಂಡು ಬಸ್ಸು ಹತ್ತಿದ.

ಪಕ್ಕದೂರಿನ ಆ ಮನೆಯ ಹೊರಕೋಣೆಯಲ್ಲಿ ಮಂಚವಿತ್ತು. ಮಂಚದ ಮೇಲೆ ನರ್ಸಿನ ಅಕ್ಕ ಮಲಗಿದ್ದರು. ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು. ನರ್ಸು ಅವರಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಆಕೆ ತೆಳ್ಳಗಾಗಿದ್ದರು. ಮಗನನ್ನು ನೋಡಿ ಮೊದಲು ಕೇಳಿದ್ದು, “ಟೈಲರ್ ಹೇಗಿದ್ದಾರೆ?”

ಅವನು ಎಲ್ಲವನ್ನೂ ಹೇಳಿದ. ಆಕೆ ಅಕ್ಕನ ಬಾಯಿ ಒರೆಸಿ, ದಿಂಬು ಸರಿಮಾಡಿ, ಆಮೇಲೆ ಅವನ ಎದುರು ಬಂದು ಕೂತರು.

“ನನಗೆ ಆವತ್ತೇ ಅನುಮಾನ ಬಂದಿತ್ತು. ಅವರು ಹಾಗೆ ಇನ್ನೊಬ್ಬರ ಕೈಲಿ ಹೇಳಿಕಳಿಸೋರಲ್ಲ. ಆದ್ರೂ ನಂಬಿದೆ ನೋಡಿ. ಈ ವಯಸ್ಸಲ್ಲಿ ನಮ್ಮನ್ನ ಯಾರಾದ್ರೂ ಬೇಕು ಅಂದ್ರೆ ನಂಬೋದು ಕಷ್ಟ. ಬೇಡ ಅಂದ್ರೆ ತಕ್ಷಣ ನಂಬಿಬಿಡ್ತೀವಿ.”

“ನೀವು ವಾಪಸ್ ಬನ್ನಿ. ನಾನೇ ನಿಂತು ಎಲ್ಲಾ ಮಾಡ್ತೀನಿ.”

ಆಕೆ ಮಂಚದ ಕಡೆ ನೋಡಿದರು. “ಹೋದ ವರ್ಷ ಬಂದು ಕರೆದಿದ್ರೆ ಬರ್ತಿದ್ದೆ. ಆಗ ಅಕ್ಕ ಓಡಾಡ್ಕೊಂಡಿದ್ಲು. ಈಗ ಇವಳನ್ನ ಯಾರ ಕೈಗೆ ಹಾಕಲಿ?” ಆಮೇಲೆ ಅವನ ಕಡೆ ತಿರುಗಿ, “ಅವರಿಗೆ ಹೇಳಿದ್ರಾ?” ಎಂದರು.

“ಇಲ್ಲ.”

“ಎರಡು ಟೇಪಿನ ಮಾತಿಗೆ ನಾನು ಹೋದೆ ಅಂದ್ಕೊಂಡಿದ್ದಾರೆ ಅಂದ್ರಲ್ಲ. ಆ ಮಾತಿಗೆ ನಾನು ಮನೆಗೆ ಹೋದ ಮೇಲೂ ನಗ್ತಿದ್ದೆ. ಅದನ್ನಾದ್ರೂ ಬೇಗ ಹೇಳಿ.”

ಮರುದಿನ ಬೆಳಿಗ್ಗೆ ಮಗ ಅಪ್ಪನನ್ನು ನಡೆಸಿಕೊಂಡು ಹೊರಟ. ಟೈಲರ್ ಗುಡ್ಡದ ಕಡೆಗೇ ತಿರುಗಿದರು. “ಗೇಟಿನವರೆಗೆ, ಹತ್ತಲ್ಲ,” ಎಂದರು. ಗೇಟಿನ ಒಳಗೆ ಹುಲ್ಲಿನ ಬದಿಯ ಕಟ್ಟೆಯ ಮೇಲೆ ಇಬ್ಬರೂ ಕೂತರು. ಓಡುವ ಹುಡುಗಿಯರು, ನಾಯಿ ಹಿಡಿದುಕೊಂಡವರು, ಏದುಸಿರು ಬಿಡುವ ದಡೂತಿ ಗಂಡಸರು ಅವರನ್ನು ದಾಟಿ ಮೇಲೆ ಹೋಗುತ್ತಿದ್ದರು. ಮಗ ನೆಲ ನೋಡುತ್ತಾ ಹೇಳಿ ಮುಗಿಸಿದ.

ಟೈಲರ್ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತೇ ಇದ್ದರು. ಬೈಯುತ್ತಾರೆ ಎಂದು ಮಗ ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಹಾಗಾದ್ರೆ ನನ್ನ ಮಾತಿಗೆ ಅವರು ನೊಂದುಕೊಳ್ಳಲಿಲ್ಲ.”

“ಇಲ್ಲಪ್ಪ. ಮನೆಗೆ ಹೋಗಿಯೂ ನಗ್ತಿದ್ರಂತೆ.”

ಟೈಲರ ಮುಖದಲ್ಲಿ ಒಂದು ಕ್ಷಣ ಹಳೆಯ ಕಳೆ ಮೂಡಿ ಮರೆಯಾಯಿತು. “ನಾನೂ ದಡ್ಡ,” ಎಂದರು. “ಬಸ್ಸು ಹತ್ತಿದ್ರೆ ಒಂದೆರಡು ಗಂಟೆ ದಾರಿ. ಹೋಗಿ ಯಾಕೆ ಅಂತ ಕೇಳಬಹುದಿತ್ತು. ಜಂಭ ಬಿಡಲಿಲ್ಲ.” ಆಮೇಲೆ ಮಗನ ಕಡೆ ತಿರುಗಿದರು. “ನಿಮ್ಮಮ್ಮನ ಮೇಲಿನ ಪ್ರೀತಿಗೆ ಮಾಡ್ದೆ ಅಂತ ಹೇಳ್ಬೇಡ. ಅವಳು ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ಲು.”

“ತಪ್ಪಾಯ್ತು ಅಪ್ಪ.”

“ಹೂಂ. ಆಯ್ತು.” ಕ್ಷಮಿಸಿದೆನೆಂದೂ ಅವರು ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. “ನೀನು ಕೆಲಸಕ್ಕೆ ಹೋಗು. ನಾನು ಸ್ವಲ್ಪ ಹೊತ್ತು ಇರ್ತೀನಿ.”

ಅವತ್ತಿನಿಂದ ಟೈಲರ್ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ನರ್ಸಿನ ಜೊತೆ ಫೋನಿನಲ್ಲಿ ಮಾತಾಡತೊಡಗಿದರು. ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಮಗ ಒಳಗೆ ಬಂದರೆ ದನಿ ತಗ್ಗುತ್ತಿತ್ತು. ಮಗನ ಮೇಲೆ ಅವರು ಸಿಟ್ಟು ತೋರಿಸಿದ್ದೇ ಇಲ್ಲ. ಊಟ ಆಯ್ತಾ, ಮಳೆ ಬರೋ ಹಾಗಿದೆ, ಛತ್ರಿ ತಗೋ ಎಂದೆಲ್ಲ ವಿಚಾರಿಸುತ್ತಿದ್ದರು. ಬಾಡಿಗೆದಾರನ ಜೊತೆ ಆಡುವ ಹಾಗೆ ಮರ್ಯಾದೆಯ ಮಾತು. ಒಮ್ಮೆ ಮಗ, ಆ ಕಟ್ಟಡ ಮುಗಿಯಿತು, ಮುಂದಿನ ವಾರ ಕ್ರೇನ್ ಬಿಚ್ಚುತ್ತಾರೆ ಎಂದಾಗ, “ಹೌದಾ, ಒಳ್ಳೇದಾಯ್ತು,” ಎಂದು ಪೇಪರಿನ ಪುಟ ತಿರುಗಿಸಿದರು.

ಚಳಿ ಕಡಿಮೆಯಾದ ಮೇಲೆ ಡಾಕ್ಟರು ಪ್ರಯಾಣ ಮಾಡಬಹುದು ಎಂದರು. ಒಂದು ವಾರ ಅಲ್ಲಿದ್ದು ಬರುತ್ತೇನೆ, ರೋಗಿಯ ಸೇವೆಗೆ ಇನ್ನೊಂದು ಕೈ ಆಗುತ್ತದೆ ಎಂದರು ಟೈಲರ್. ಸೊಸೆ ಅವರ ಮಾತ್ರೆಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿದಳು. ಮಗ ಬಸ್ ಸ್ಟ್ಯಾಂಡಿನವರೆಗೆ ಹೋದ. ಚೀಲ ತೆಗೆದುಕೊಳ್ಳಲು ಕೈ ಚಾಚಿದರೆ ಟೈಲರ್ ಕೊಡಲಿಲ್ಲ. ಬಸ್ಸಿನ ಮೆಟ್ಟಿಲು ಎತ್ತರವಿತ್ತು. ಒಂದು ಕಾಲಿಟ್ಟು, ಕಂಬಿ ಹಿಡಿದು, ಸ್ವಲ್ಪ ತಡೆದು, ತಾವೇ ಹತ್ತಿದರು. ಕಿಟಕಿಯ ಪಕ್ಕ ಕೂತ ಮೇಲೆ ಮಗ ಕೆಳಗಿನಿಂದ ಹೇಳಿದ:

“ಅವರಿಗೆ ನಾನು ಕೇಳ್ದೆ ಅಂತ ಹೇಳಿ. ತಪ್ಪಾಯ್ತು ಅಂದ ಅಂತಾನೂ ಹೇಳಿ.”

“ನಿನ್ನ ಮಾತನ್ನ ನಾನ್ಯಾಕೆ ಹೊತ್ಕೊಂಡು ಹೋಗ್ಲಿ? ಇಷ್ಟು ಚೀಲಾನೇ ಭಾರ ಆಗಿದೆ. ಬೇಕಾದ್ರೆ ನೀನೇ ಬಂದು ಹೇಳು.”

ಹಾಗೆಂದು ಅವರು ಮುಂದಿನ ಸೀಟಿನವನ ಅಂಗಿಯ ಕಾಲರನ್ನು ನೋಡತೊಡಗಿದರು. ಡ್ರೈವರ್ ಬಂದು ಕೂತ. ಬಸ್ಸು ಹಿಂದೆ ಸರಿದು, ತಿರುಗಿ, ಗೇಟು ದಾಟಿತು. ನಾನೂ ಜೊತೆಗೆ ಬರಲೇ ಎಂದು ಕೇಳಿಬಿಡಬೇಕಿತ್ತು, ಅದಕ್ಕಾದರೂ ತಡ ಮಾಡಬಾರದಿತ್ತು ಎಂದು ಅವನಿಗೆ ಅನ್ನಿಸಿದ್ದು ಬಸ್ಸು ರಸ್ತೆಯ ವಾಹನಗಳ ಸಾಲಿನಲ್ಲಿ ಸೇರಿಹೋದ ಮೇಲೆ. ವಿಚಾರಣೆಯ ಕಿಟಕಿಗೆ ಹೋಗಿ, ಅದೇ ಊರಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ. ಮಧ್ಯಾಹ್ನದ ಮೇಲೆ ಎಂದರು. ಅವನು ಅಲ್ಲೇ ಒಂದು ಬೆಂಚು ನೋಡಿ ಕೂತ.